ಕೌದಿ ಒಗೆಯುವ ಮುನ್ನ ಸೂಜಿ-ದಾರ ತೆಗೆದಿಡಿ

ವಿಜಾಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡ ಕಡೆಯಿಂದ ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದವರ ಗಂಟಿನಲ್ಲಿ ಬಂದ ವಸ್ತುಗಳ ಪೈಕಿ ಕೌದಿಯೂ ಒಂದು. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಮಕ್ಕಳ ಹಳೆಯ ಅಂಗಿಗಳನ್ನು ಪದರ ಪದರವಾಗಿ ಹಾಸಿ, ಕೈಸೂಜಿಯಲ್ಲಿ ಸಾಲು ಸಾಲು ಹೊಲಿದು ಮಾಡಿದ ಈ ಹೊದಿಕೆಗೆ ಅಂಗಡಿಯಲ್ಲಿ ಬದಲಿ ಸಿಗದು. ನೆರೆಯ ಮರಾಠಿಗರ ಗೋಧಡಿಯೂ ಇದರ ಅಕ್ಕ-ತಂಗಿಯೇ. ಆದರೆ ಮಹಾನಗರದ ಎಷ್ಟೋ ಮನೆಗಳಲ್ಲಿ ತವರಿನಿಂದ ಬಂದ ಕೌದಿ ಮಂಚದ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಮುಗ್ಗಲು ಹಿಡಿದು ಬಿದ್ದಿರುತ್ತದೆ. ಒಂದು ದಿನ ನೆನಪಾಗಿ ವಾಷಿಂಗ್ ಮಷಿನ್‌ಗೆ ತುರುಕಿದರೆ ಹೊರಬರುವುದು ಬರೀ ಚಿಂದಿ.

ತಪ್ಪು ಬಟ್ಟೆಯದ್ದಲ್ಲ. ಕೌದಿಯನ್ನು ಹಿಡಿದಿಟ್ಟಿರುವುದು ದಾರ. ಹತ್ತಾರು ವರ್ಷ ಕಳೆದ ಮೇಲೆ ಅದು ಬಟ್ಟೆಗಿಂತ ಮೊದಲೇ ಸೋಲುತ್ತದೆ. ನೀರು ಕುಡಿದ ಕೌದಿ ಒಬ್ಬರಿಂದ ಎತ್ತಲಾಗದಷ್ಟು ಭಾರವಾಗುತ್ತದೆ. ಯಂತ್ರ ಅದನ್ನು ಗರಗರ ತಿರುಗಿಸಿದಾಗ ಆ ಭಾರವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ಕಲ್ಲಿಗೆ ಬಡಿದು ಒಗೆಯುವ ಧೋಬಿಗೆ ಕೊಟ್ಟರೂ ಅದೇ ಗತಿ. ಡ್ರೈಕ್ಲೀನಿಂಗ್‌ಗೆ ಕೊಡುವವರಿದ್ದಾರೆ, ಅದರಲ್ಲಿ ಎಣ್ಣೆಯ ಜಿಡ್ಡು ಹೋದೀತೇ ಹೊರತು ಬೆವರಿನ ಕಲೆ ಅಷ್ಟು ಸುಲಭಕ್ಕೆ ಬಿಡದು.

ಹಾಗಾಗಿ ಮೊದಲ ಕೆಲಸ ಸೋಪಿನದ್ದಲ್ಲ, ಸೂಜಿಯದ್ದು. ಕೌದಿಯನ್ನು ನೆಲಕ್ಕೆ ಹಾಸಿ ಹೊಲಿಗೆಯ ಸಾಲುಗಳ ಮೇಲೆ ಕೈಯಾಡಿಸಬೇಕು. ದಾರ ಬಿಟ್ಟ ಕಡೆ ಹತ್ತಿಯ ದಾರದಿಂದ, ಹಳೆಯ ಸಾಲಿನ ಜಾಡಿನಲ್ಲೇ ಮತ್ತೆ ಹೊಲಿಯಬೇಕು. ನೈಲಾನ್ ದಾರ ಗಟ್ಟಿ ನಿಜ, ಆದರೆ ಅದು ಹಣ್ಣಾದ ಬಟ್ಟೆಯನ್ನು ಕೊಯ್ಯುತ್ತದೆ. ಬಳಿಕ ಕೆಂಪು, ಕಡುನೀಲಿ ತುಂಡುಗಳ ಮೇಲೆ ಒದ್ದೆ ಬಿಳಿ ಅರಿವೆ ಒತ್ತಿ ನೋಡಬೇಕು. ಬಣ್ಣ ಅಂಟಿದರೆ ನೀರಿಗೆ ಹಾಕುವ ಆಸೆ ಬಿಟ್ಟು, ಗಾಳಿಗೆ ಹರವಿ ಧೂಳು ತೆಗೆಯುವುದೇ ಕ್ಷೇಮ.

ಒಗೆಯಲು ತಣ್ಣೀರು ಸಾಕು. ದೊಡ್ಡ ಟಬ್ಬಿನಲ್ಲಿ ಸೌಮ್ಯವಾದ ದ್ರವ ಸೋಪು ಅಥವಾ ಇಲ್ಲಿನ ಅಂಗಡಿಗಳಲ್ಲಿ ರೀಠಾ ಎಂದು ಸಿಗುವ ಅಂಟುವಾಳದ ನೀರು ಬೆರೆಸಿ, ಕೈಯಿಂದ ಒತ್ತಿ ಒತ್ತಿ ಕೊಳೆ ಬಿಡಿಸಬೇಕು. ಬ್ರಷ್ ಬೇಡ, ಬ್ಲೀಚ್ ಬೇಡ, ಹಿಂಡುವುದಂತೂ ಬೇಡವೇ ಬೇಡ. ನೊರೆ ಹೋಗುವ ತನಕ ನೀರು ಬದಲಿಸಬೇಕು. ನಲ್ಲಿ ನೀರಿನ ಹೊತ್ತು ನೋಡಿಕೊಂಡೇ ಕೈಹಾಕಬೇಕೆಂಬುದನ್ನು ಮುಂಬಯಿ ಗೃಹಿಣಿಯರಿಗೆ ಹೇಳಿಕೊಡಬೇಕಿಲ್ಲ!

ನಿಜವಾದ ಕಷ್ಟ ಒಣಗಿಸುವುದರಲ್ಲಿದೆ. ಒದ್ದೆ ಕೌದಿಯ ಅಡಿಗೆ ಹಾಸಿಗೆಯ ಚಾದರ ಸರಿಸಿ, ಇಬ್ಬರು ಜೋಲಿಯಂತೆ ಎತ್ತಬೇಕು. ಒಂದೇ ಹಗ್ಗಕ್ಕೆ ನೇತುಹಾಕಿದರೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಹೌಸಿಂಗ್ ಸೊಸೈಟಿಯವರು ಗಚ್ಚಿಯ ಬೀಗದ ಕೈ ಕೊಟ್ಟರೆ ಅಲ್ಲಿ ಚಾದರದ ಮೇಲೆ ಹರವುವುದು ಉತ್ತಮ. ಚಾಳಿನವರಿಗೆ ಪಡಸಾಲೆಯ ಅಗಲ ಕಟಕಟೆಯೇ ಗತಿ. ಮೇಲ್ಪದರ ಬೇಗ ಒಣಗಿ ಮೋಸ ಮಾಡುತ್ತದೆ. ಒಳಪದರದಲ್ಲಿ ಪಸೆ ಉಳಿದರೆ ಬೂಷ್ಟು ಖಂಡಿತ. ನಡುನಡುವೆ ಮಗುಚುತ್ತ ಎರಡು ದಿನ ಗಾಳಿಯಾಡಲು ಬಿಡಬೇಕು. ರಣಬಿಸಿಲಿಗೆ ದಿನವಿಡೀ ಒಡ್ಡಿದರೆ ಬಣ್ಣ ಮಾಸುತ್ತದೆ.

ಊರಿನಲ್ಲಿ ನವರಾತ್ರಿಯ ಘಟ ಕೂಡುವ ಮುನ್ನ ಮನೆಯ ಹಾಸಿಗೆ-ಹೊದಿಕೆಯನ್ನೆಲ್ಲ ಹೊಳೆಗೆ ಒಯ್ದು ಒಗೆಯುವ ರೂಢಿಯಿದೆ. ಅದೇ ಲೆಕ್ಕ ಹಿಡಿದು ಇಲ್ಲಿ ಒಗೆದರೆ ಕೆಲವು ವರ್ಷ ಹೋಗದ ಮಳೆ ಕಾಡೀತು. ಮುಂಬಯಿಯ ಹವೆಗೆ ದೀಪಾವಳಿ ಕಳೆದ ನಂತರದ ಒಣ ತಿಂಗಳುಗಳೇ ಒಳ್ಳೆಯವು. ಪದೇ ಪದೇ ಒಗೆಯುವ ಅಗತ್ಯವೂ ಇಲ್ಲ. ಕುತ್ತಿಗೆಗೆ ತಾಗುವ ಅಂಚಿಗೆ ಹಳೆಯ ಧೋತರದ ಪಟ್ಟಿ ಟಾಕು ಹಾಕಿಕೊಂಡರೆ ಅದನ್ನಷ್ಟೇ ಬಿಚ್ಚಿ ತೊಳೆಯಬಹುದು.

ತೆಗೆದಿಡುವಾಗ ಪ್ಲಾಸ್ಟಿಕ್ ಬದಲು ಹತ್ತಿ ಸೀರೆಯಲ್ಲಿ ಸುತ್ತಬೇಕು, ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು. ಸದಾ ಒಂದೇ ಗೆರೆಯಲ್ಲಿ ಮಡಚಿದ ಕೌದಿ ಅಲ್ಲೇ ಸೀಳುತ್ತದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರ ಕೌದಿಗಳು ಈಗ ಹೊರದೇಶದ ಕಲಾಸಕ್ತರನ್ನೂ ಸೆಳೆದಿವೆ. ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಹೊಲಿದು ಬರುವುದು, ಮೂಲೆಗಳಿಗೆ 'ಫುಲಾ' ಎಂಬ ಬಟ್ಟೆಯ ಹೂವಿಡುವುದು ಅವರ ಪದ್ಧತಿ. ಇಂಥ ಕೌದಿ ಕೊಂಡವರು ಒಗೆಯುವಾಗ ಮೂಲೆಯ ಹೂವು ಹಿಡಿದು ಎಳೆಯಬಾರದು.

ತೀರ ಸವೆದ ಕೌದಿಯನ್ನೂ ಎಸೆಯಬೇಕಿಲ್ಲ. ಎರಡೂ ಮೈಗೆ ಒಂದೊಂದು ಹತ್ತಿ ಸೀರೆ ಹೊದಿಸಿ ಹೊಸದಾಗಿ ಸಾಲು ಹಾಕಿದರೆ ಮತ್ತೆ ಬಳಕೆಗೆ ಬರುತ್ತದೆ. ಅಷ್ಟು ಸಮಯವಿಲ್ಲದವರು ಗಟ್ಟಿ ಉಳಿದ ಭಾಗವನ್ನು ಕತ್ತರಿಸಿ ಅಂಚು ಕಟ್ಟಿದರೆ ತೊಟ್ಟಿಲ ಕೂಸಿಗೆ ಒಂದು ಪುಟ್ಟ ಕೌದಿಯಾದರೂ ಆಗುತ್ತದೆ.