ಬೇಲಿ ದಾಟುವ ಬೋರರ್

ಉತ್ತರ ಕೊಡಗಿನ ಶನಿವಾರಸಂತೆ ಸುತ್ತಿನ ಅರೇಬಿಕಾ ಕಾಫಿ ತೋಟದಲ್ಲಿ ಒಂದೆರಡು ಗಿಡಗಳ ಎಲೆ ಹಳದಿಯಾಗಿ ಜೋತುಬಿದ್ದರೆ, ಗೊಬ್ಬರದ ಮೂಟೆ ಬಿಚ್ಚುವ ಮೊದಲು ಕಾಂಡವನ್ನು ಬೆರಳಿನಿಂದ ಸವರಿ ನೋಡಬೇಕು. ತೊಗಟೆಯಡಿ ಹಗ್ಗ ಸುತ್ತಿದ ಹಾಗೆ ಉಬ್ಬುಗೆರೆ ಕೈಗೆ ಸಿಕ್ಕಿತೋ, ಒಳಗೆ ಬಿಳಿ ಕಾಂಡಕೊರಕ ಕೂತಿದೆ. ತೋಟದಲ್ಲಿ ಅದನ್ನು ಬೋರರ್ ಎಂದರೇ ಗೊತ್ತಾಗುವುದು.

ಸುಸ್ಥಿರ ಕೃಷಿಯ ಸಭೆಗಳಲ್ಲಿ ಈ ಹುಳದ ಹೆಸರು ಬರುವುದು ಕಡಿಮೆ. ನನ್ನ ಮಟ್ಟಿಗೆ, ಒಬ್ಬೊಬ್ಬರು ಮಾಡಬೇಕಾದ್ದು ಯಾವುದು, ಊರು ಕೂಡಿ ಮಾಡಬೇಕಾದ್ದು ಯಾವುದು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಉತ್ತರ ಕೊಡಗಿನಲ್ಲಿಲ್ಲ.

ಇದರ ದುಂಬಿ ವರ್ಷಕ್ಕೆ ಎರಡು ಸಲ ಹಾರುತ್ತದೆ: ಏಪ್ರಿಲ್-ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಿಂದ ಡಿಸೆಂಬರ್ ತನಕ ಇನ್ನೊಮ್ಮೆ. ಅದಕ್ಕೆ ಬಿಸಿಲು ಬೇಕು. ಬಿಸಿಲಿಗೆ ಕಾದ ಕಾಂಡದ ತೊಗಟೆ ಬಿರುಕಿನಲ್ಲಿ ಹೆಣ್ಣು ಮೊಟ್ಟೆ ಇಡುತ್ತದೆ. ಮರಿಹುಳ ಕೆಲಕಾಲ ತೊಗಟೆಯಡಿ ಮೇಯ್ದು ಆಮೇಲೆ ಕಟ್ಟಿಗೆಯೊಳಗೆ ಸುರಂಗ ಕೊರೆಯುತ್ತದೆ. ಅಲ್ಲಿಗೆ ಯಾವ ಔಷಧಿಯೂ ತಲುಪುವುದಿಲ್ಲ. ಎಳೆಗಿಡ ಬೇಗ ಸಾಯುತ್ತದೆ, ಹಳೆ ಗಿಡ ನಾಲ್ಕು ಕಾಳು ಬಿಡುತ್ತಾ ನರಳುತ್ತದೆ.

ಇದು ಹೊಸ ಪೀಡೆಯೇನಲ್ಲ. 1860ರ ದಶಕದಲ್ಲಿ ಕಾಡು ಬೋಳಿಸಿ ಕಾಫಿ ಹಾಕಿದ್ದ ಯುರೋಪಿಯನ್ ತೋಟಗಳನ್ನು ಈ ಹುಳ ಹಾಳುಗೆಡವಿತು. ಮದ್ರಾಸ್ ಸರ್ಕಾರದ ಪರವಾಗಿ ತನಿಖೆ ನಡೆಸಿದ ವೈದ್ಯ ಜಾರ್ಜ್ ಬಿಡಿ ಅವರ ವರದಿ 1869ರಲ್ಲಿ ಪ್ರಕಟವಾಯಿತು. ನೆರಳು ಉಳಿಸಿಕೊಳ್ಳಿ ಎಂಬುದು ಅದರ ಮುಖ್ಯ ಸಲಹೆ. ಒಂದೂವರೆ ಶತಮಾನ ಕಳೆದರೂ ಕಾಫಿ ಮಂಡಳಿಯವರು ಹೇಳುವ ಮೊದಲ ಮಾತು ಅದೇ.

ನೆರಳೆಂದರೆ ಎರಡು ಅಂತಸ್ತು. ಕೆಳಗೆ ಹಾಲುವಾಣ, ಮೇಲೆ ಅತ್ತಿ, ಬಸರಿ, ಹಲಸು, ನಂದಿಯಂಥ ಕಾಡುಮರ. ಹಾಗೆಂದು ಮರ ಕಪಾತು ಬೇಡವೆಂದಲ್ಲ, ತೀರಾ ಕತ್ತಲಾದರೆ ಇಳುವರಿ ಕುಗ್ಗಿ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ತೊಂದರೆ ಇರುವುದು ಕಾಡುಮರ ತೆಗೆದು ಬರೀ ಸಿಲ್ವರ್ ಓಕ್ ನೆಡುವುದರಲ್ಲಿ. ಅದು ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಬೇಗ ಕಾಸಾಗುತ್ತದೆ. ನೆರಳು ಮಾತ್ರ ತೆಳು.

ಇದನ್ನು ಬೆಳೆಗಾರನ ದುರಾಸೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಕೊಡಗಿನಲ್ಲಿ 'ಅನ್‌ರಿಡೀಮ್ಡ್' ಎಂದು ದಾಖಲಾದ ಜಾಗದ ಕಾಡುಮರಗಳ ಹಕ್ಕು ಸರ್ಕಾರದ್ದು. ತಾನು ಸಾಕಿದ ಮರ ತನ್ನದಲ್ಲ ಎಂದಾಗ ಮುಂದಿನ ಸಸಿ ಯಾವುದನ್ನು ನೆಡುತ್ತಾನೆ? ಇದು ಒಬ್ಬ ಬೆಳೆಗಾರನ ಮನಸ್ಸು ಬದಲಾದರೆ ಬಗೆಹರಿಯುವ ಸಂಗತಿಯಲ್ಲ, ಕಾನೂನು ಬದಲಾಗಬೇಕು.

ಬೆಳೆಗಾರನ ಕೈಯಲ್ಲಿರುವ ಕೆಲಸವೂ ಇದೆ. ದುಂಬಿ ಹಾರುವ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಸಾಲು ಹಿಡಿದು ಗಿಡಗಿಡವನ್ನೂ ನೋಡಬೇಕು; ಇದನ್ನೇ ಟ್ರೇಸಿಂಗ್ ಎನ್ನುವುದು. ಬೋರರ್ ಹಿಡಿದ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಉಳಿದ ಗಿಡಗಳ ಕಾಂಡದ ಒಣ ಸಿಪ್ಪೆಯನ್ನು ತೆಂಗಿನನಾರಿನ ಕೈಗವಸಿನಿಂದ ಉಜ್ಜಿ ತೆಗೆದರೆ ಮೊಟ್ಟೆಗೆ ಬಿರುಕೇ ಸಿಗುವುದಿಲ್ಲ. ಹಸಿರು ತೊಗಟೆಗೆ ಗಾಯವಾಗದಂತೆ ಕೈ ಹಗುರ ಇರಲಿ. 200 ಲೀಟರ್ ನೀರಿಗೆ 20 ಕಿಲೋ ಸುಣ್ಣ ಕಲಸಿ ಕಾಂಡಕ್ಕೂ ದಪ್ಪ ರೆಂಬೆಗಳಿಗೂ ಹೊಡೆಯುವುದು ಇನ್ನೊಂದು ದಾರಿ.

ಕಿತ್ತ ಗಿಡವನ್ನು ಲೈನ್‌ಮನೆಯ ಹಿಂದೆ ಸೌದೆಯೆಂದು ಒಟ್ಟಿದರೆ ಪಟ್ಟ ಪಾಡೆಲ್ಲ ನೀರುಪಾಲು. ಒಣಗಿದ ಕಟ್ಟಿಗೆಯೊಳಗೇ ಹುಳ ದುಂಬಿಯಾಗಿ, ತೂತು ಕೊರೆದು ಹೊರಗೆ ಹಾರುತ್ತದೆ. ಸೌದೆ ಬೇಕೇ ಬೇಕೆಂದರೆ ಮೊದಲು ಒಂದು ವಾರ, ಹತ್ತು ದಿನ ನೀರಿನಲ್ಲಿ ಮುಳುಗಿಸಿಡಬೇಕು.

ದುಂಬಿಗೆ ಸರ್ವೆ ಕಲ್ಲು ಕಾಣುವುದಿಲ್ಲ. ಪಕ್ಕದ ತೋಟದವರು ಬೆಂಗಳೂರಿನಲ್ಲಿದ್ದು ಇಲ್ಲಿ ಗಿಡ ನೋಡುವವರಿಲ್ಲದಿದ್ದರೆ ನಿಮ್ಮ ಟ್ರೇಸಿಂಗ್ ಅರ್ಧ ವ್ಯರ್ಥ. ಗಿಡ ಕಿತ್ತ ಜಾಗದಲ್ಲಿ ಹೊಸದು ಫಸಲಿಗೆ ಬರಲು ಮೂರ್ನಾಲ್ಕು ವರ್ಷ ಬೇಕು, ಬೆಲೆ ಬಿದ್ದ ವರ್ಷ ಸಣ್ಣ ಹಿಡುವಳಿದಾರ ಕೀಳಲು ಹಿಂದೆಮುಂದೆ ನೋಡುತ್ತಾನೆ. ಮರುನಾಟಿಗೆ ನೆರವು ಬೇಕೆನ್ನುವುದು ಇದಕ್ಕೇ. ಅದು ಅವನೊಬ್ಬನಿಗೆ ಮಾಡುವ ಉಪಕಾರವಲ್ಲ, ಸುತ್ತಲಿನ ತೋಟಗಳಿಗೂ ಕಟ್ಟಿದ ಕಾವಲು.

ಹೈರಾಣಾದ ಹಲವರು ಅರೇಬಿಕಾ ಕಿತ್ತು ರೋಬಸ್ಟಾ ಹಾಕುತ್ತಾರೆ. ಬೋರರ್ ಅದರ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಆದರೆ ರೋಬಸ್ಟಾ ಹೂವಿಗೆ ಫೆಬ್ರವರಿ-ಮಾರ್ಚಿನಲ್ಲಿ ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಬೇಕು. ಹೊಳೆ, ಕೆರೆ ಬತ್ತುವ ಕಾಲವೂ ಅದೇ. ಹುಳದ ಕಾಟ ಹೋಗಿ ನೀರಿನ ಜಗಳ ಬರುತ್ತದೆ. ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಆ ಹೆಸರಿಗೆ ಒಳ್ಳೆಯ ಬೆಲೆ ಬರಬೇಕಾದರೂ ಗಿಡ ಉಳಿದಿರಬೇಕಲ್ಲ.

ಆದ್ದರಿಂದ ಸೆಪ್ಟೆಂಬರಿನ ಕೆಲಸವನ್ನು ಒಬ್ಬೊಬ್ಬರೇ ಹಿಡಿಯಬೇಡಿ. ಬೇಲಿ ಕೂಡಿದ ನಾಲ್ಕೈದು ತೋಟದವರು ಮುಯ್ಯಾಳು ಮಾಡಿಕೊಂಡು ಒಂದೇ ವಾರದಲ್ಲಿ ಎಲ್ಲ ತೋಟಗಳನ್ನೂ ಮುಗಿಸಿ. ನೆರಳು ತೆಳುವಿರುವ ರಸ್ತೆ ಬದಿ ಮತ್ತು ಬಿಸಿಲು ಬೀಳುವ ಇಳಿಜಾರಿನಿಂದ ಶುರುಮಾಡಿ, ಬೋರರ್ ಹೆಚ್ಚಾಗಿ ಸಿಗುವುದು ಅಲ್ಲೇ.