ಒಂದು ಹೆಸರಿನಿಂದಾಗುವ ಉಪಕಾರ

ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಮನೆಯಲ್ಲಿ ಕೂಗುವುದಕ್ಕೆ ಇನ್ನೊಂದು. ನಮ್ಮ ಹಳ್ಳಿಗಳಲ್ಲಿ ಇದು ಹೊಸತಲ್ಲ. ಹೆಸರು ಎರಡಾದರೂ ಆಳು ಒಬ್ಬನೇ. ಕಂಪ್ಯೂಟರಿನ ಸಿ ಭಾಷೆಯಲ್ಲಿ ‘ಟೈಪ್‌ಡೆಫ್’ ಮಾಡುವ ಕೆಲಸವೂ ಇದೇ: ಇರುವ ದತ್ತಾಂಶ ಪ್ರಕಾರವೊಂದಕ್ಕೆ ಮತ್ತೊಂದು ಹೆಸರಿಡುವುದು.

ಇದರಿಂದೇನು ಲಾಭವೆಂದು ಸಹಪಾಠಿಗಳು ಕೇಳಬಹುದು. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಋಣ ಸಂಖ್ಯೆಗಳಿಗೂ ಎಡೆಯಿರುವ 32 ಬಿಟ್‌ಗಳಲ್ಲಿ ಈ ಎಣಿಕೆ 2,14,74,83,647ಕ್ಕೆ, ಅಂದರೆ 2038ರ ಜನವರಿ 19ರಂದು ಮುಗಿಯುತ್ತದೆ. ಆಮೇಲೆ ಗಡಿಯಾರ 1901ಕ್ಕೆ ಹಾರೀತು! ಆದರೆ ಕಾಲದ ಪ್ರಕಾರಕ್ಕೆ ‘ಟೈಮ್-ಟಿ’ ಎಂದು ಹೆಸರಿಟ್ಟಿರುವುದರಿಂದ, ಅದರ ಅರ್ಥವನ್ನು ಒಂದೆಡೆ 64 ಬಿಟ್‌ಗೆ ತಿದ್ದಿ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಿದರೆ ಬಹುಮಟ್ಟಿಗೆ ಕೆಲಸವಾಯಿತು. ಎಲ್ಲೆಲ್ಲಿಯೂ ‘ಇಂಟ್’ ಎಂದೇ ಬರೆದವರಿಗೆ ಈ ಸೌಕರ್ಯವಿಲ್ಲ. ಸಾಲು ಸಾಲನ್ನೂ ಹುಡುಕಬೇಕು. ಹುಡುಕಿದರೂ ಯಾವ ‘ಇಂಟ್’ ಕಾಲ, ಯಾವುದು ಪರೀಕ್ಷೆಯ ಅಂಕ ಎಂದು ತಿಳಿಯುವ ಬಗೆ ಹೇಗೆ?

ಹಾಗೆಂದು ಹೆಸರು ಬೇಲಿಯಲ್ಲ. ಒಂದೇ ಪ್ರಕಾರಕ್ಕೆ ‘ರೂಪಾಯಿ’, ‘ಪೈಸೆ’ ಎಂದು ಎರಡು ಹೆಸರಿಟ್ಟು, ಅವನ್ನು ನೇರವಾಗಿ ಕೂಡಿಸಿದರೆ ಕಂಪೈಲರು ಚಕಾರವೆತ್ತದು. ಅದನ್ನು ತಡೆಯಬೇಕಾದರೆ ಎರಡಕ್ಕೂ ಬೇರೆ ಬೇರೆ ‘ಸ್ಟ್ರಕ್ಟ್’ ಕಟ್ಟಬೇಕು.