ಅಲ್ಪವ್ಯಯದ ದೇಶಾಟನ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಜನರಿಗೆ ವಿದೇಶವೆಂಬುದು ಅಪರಿಚಿತವಾದುದಲ್ಲ. ಭಟ್ಕಳದ ನವಾಯತ ಮನೆಗಳಲ್ಲಿ ದುಬೈ, ಶಾರ್ಜಾ, ದಮ್ಮಾಮ್‌ಗಳ ಹೆಸರು ಪಕ್ಕದ ಶಿರಾಲಿ, ಮುರುಡೇಶ್ವರಗಳ ಹೆಸರಿನಷ್ಟೇ ಸಲೀಸಾಗಿ ಬಾಯಿಗೆ ಬರುವುದು. ಆದರೆ ಈ ಪ್ರಯಾಣಗಳೆಲ್ಲ ಬಹುಮಟ್ಟಿಗೆ ದುಡಿಮೆಯ ಪ್ರಯಾಣಗಳು. ಕಾಣುವುದಕ್ಕಾಗಿ, ಅರಿಯುವುದಕ್ಕಾಗಿ ಸಮುದ್ರವನ್ನು ದಾಟುವವರು ನಮ್ಮಲ್ಲಿ ವಿರಳ. ದೇಶಾಟನವೆಂಬುದು ಶ್ರೀಮಂತರಿಗೆ ಮಾತ್ರ ಸಲ್ಲುವ ಭೋಗವೆಂಬ ಭಾವನೆ ಮಧ್ಯಮವರ್ಗದ ಮನೆಗಳಲ್ಲಿ ಇನ್ನೂ ಬೇರೂರಿ ನಿಂತಿದೆ. ಆ ಭಾವನೆಗೆ ಹಿಂದೊಮ್ಮೆ ಆಧಾರವಿತ್ತು. ಇಂದು ಆ ಆಧಾರ ಬಹುಪಾಲು ಕಳಚಿಬಿದ್ದಿದೆ.

ವಾಸ್ತವವಾಗಿ ಅಲ್ಪವ್ಯಯದ ಯಾತ್ರೆಯ ಇತಿಹಾಸದಲ್ಲಿ ಹೊನ್ನಾವರಕ್ಕೆ ಗೌರವದ ಸ್ಥಾನವೊಂದುಂಟು. ಮೊರಾಕ್ಕೋ ದೇಶದ ಟಾಂಜಿಯರ್ ನಗರದಿಂದ ಹೊರಟು ಆಫ್ರಿಕ, ಅರೇಬಿಯ, ಮಧ್ಯ ಏಷ್ಯಗಳನ್ನು ಸುತ್ತಿ, ದಿಲ್ಲಿಯ ಸುಲ್ತಾನನ ಆಶ್ರಯದಲ್ಲಿ ಕೆಲವು ವರ್ಷಗಳನ್ನು ಕಳೆದು, 1342ರ ಸುಮಾರಿಗೆ ಪಶ್ಚಿಮ ಕರಾವಳಿಗುಂಟ ನೌಕಾಯಾನ ಮಾಡುತ್ತ ಬಂದ ಇಬ್ನ್ ಬತೂತನು ತಾನು ಹಿನವರ್ ಎಂದು ಕರೆದ ಈ ಊರಿನಲ್ಲಿ ಬಾಲಕಿಯರಿಗಾಗಿ 13, ಬಾಲಕರಿಗಾಗಿ 23 ಶಾಲೆಗಳಿದ್ದುವೆಂದು ಬರೆದಿಟ್ಟಿದ್ದಾನೆ. ಇಲ್ಲಿ ಆತನಿಗೆ ಆತಿಥ್ಯ ದೊರೆತದ್ದು ಸಂತನೊಬ್ಬನ ಆಶ್ರಮದಲ್ಲಿ. ಆ ಸಂತನು ತನ್ನ ಕೈಯಿಂದಲೇ ಅಡುಗೆ ಮಾಡುತ್ತಿದ್ದನಂತೆ. ದಾರಿಯುದ್ದಕ್ಕೂ ಇಂಥ ಆಶ್ರಮಗಳು, ಛತ್ರಗಳು, ಧರ್ಮಶಾಲೆಗಳು ಇಲ್ಲದಿದ್ದಲ್ಲಿ ಯಾವ ಯಾತ್ರಿಕನೂ ಅಷ್ಟು ದೂರ ಸಾಗುತ್ತಿರಲಿಲ್ಲ. ಯಾತ್ರೆಯ ವೆಚ್ಚವನ್ನು ನಿರ್ಣಯಿಸುವವು ಎಂದೆಂದಿಗೂ ಎರಡೇ: ಸಾಗುವ ವಾಹನ, ತಂಗುವ ತಾಣ.

ಮೊದಲನೆಯದನ್ನು ಅಗ್ಗಗೊಳಿಸಿದ ವಿಧಾನ 1971ರಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ ಹಾರಾಟವನ್ನಾರಂಭಿಸಿದ ಸೌತ್‌ವೆಸ್ಟ್ ಸಂಸ್ಥೆಯಿಂದ ರೂಢಿಗೆ ಬಂದಿತು. ಒಂದೇ ಮಾದರಿಯ ವಿಮಾನಗಳನ್ನಿಟ್ಟುಕೊಂಡರೆ ಚಾಲಕರ ತರಬೇತಿಯೂ ಬಿಡಿಭಾಗಗಳ ಸಂಗ್ರಹವೂ ಸರಳವಾಗುವುದು. ಇಳಿದ ವಿಮಾನವನ್ನು ಅರ್ಧ ತಾಸಿನೊಳಗೆ ಮರಳಿ ಏರಿಸಿದರೆ ಅದೇ ಯಂತ್ರ ದಿನಕ್ಕೆ ಹೆಚ್ಚು ಸಲ ದುಡಿಯುವುದು. ಆಸನಗಳನ್ನು ಒತ್ತೊತ್ತಾಗಿರಿಸಿ, ಊಟ ಮತ್ತು ಹೆಚ್ಚಿನ ಸಾಮಾನುಗಳಿಗೆ ಪ್ರತ್ಯೇಕ ಬೆಲೆಯನ್ನು ವಿಧಿಸಿದರೆ ಬರಿಯ ಪ್ರಯಾಣದ ದರ ಇಳಿಯುವುದು. 2001ರಲ್ಲಿ ಸಾಲದಲ್ಲಿ ಮುಳುಗಿದ್ದ ಏರ್‌ಏಷ್ಯಾವನ್ನು ಸಾಂಕೇತಿಕವಾಗಿ ಒಂದು ರಿಂಗಿಟ್‌ಗೆ ಕೊಂಡ ಟೋನಿ ಫರ್ನಾಂಡಿಸ್ ಮಲೇಷ್ಯದಲ್ಲಿ ಇದನ್ನೇ ಮಾಡಿದರು. ನಮ್ಮ ದೇಶದಲ್ಲಿ 2003ರಲ್ಲಿ ಏರ್ ಡೆಕ್ಕನ್ ಮೂಲಕ ಈ ದಾರಿಯನ್ನು ತೆರೆದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಎಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. 2005ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಹುಟ್ಟಿತು. ಮರುವರ್ಷ ಮಂಗಳೂರಿನಿಂದ ದುಬೈಗೆ ನೇರ ಹಾರಾಟ ಮೊದಲಾಗಿ, ಭಟ್ಕಳದವರ ಪಾಲಿಗೆ ಕೊಲ್ಲಿಯ ದಾರಿ ಹತ್ತಿರವಾಯಿತು.

ಅಗ್ಗದ ವಿಮಾನವು ಅಪಾಯದ ವಿಮಾನವೆಂಬ ಶಂಕೆ ಕೆಲವರಲ್ಲಿದೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರ ಪ್ರಾಣವನ್ನು ಹೀರಿದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ದುರಂತವನ್ನು ಕಂಡ ಕರಾವಳಿಗೆ ಈ ಭಯ ಸಹಜವಾದುದು. ಆದರೆ ಸರಿಯಾದ ಎತ್ತರಕ್ಕೂ ವೇಗಕ್ಕೂ ಬಾರದಿದ್ದ ವಿಮಾನವನ್ನು ಸಹಚಾಲಕನ ಎಚ್ಚರಿಕೆಯನ್ನು ಲೆಕ್ಕಿಸದೆ ಇಳಿಸಲೆತ್ನಿಸಿದ್ದೇ ಅದರ ಕಾರಣವೆಂದು ವಿಚಾರಣೆ ಕಂಡುಕೊಂಡಿತೇ ಹೊರತು ಟಿಕೆಟಿನ ಬೆಲೆಯನ್ನಲ್ಲ. ಸುರಕ್ಷತೆಯ ನಿಯಮಗಳು ಎಲ್ಲ ಸಂಸ್ಥೆಗಳಿಗೂ ಸಮಾನ.

ಎರಡನೆಯದಾದ ತಂಗುದಾಣದ ಕಥೆ ನನಗೆ ಇನ್ನೂ ಪ್ರಿಯವಾದುದು. 1909ರಲ್ಲಿ ರಿಚರ್ಡ್ ಶಿರ್ಮಾನ್ ಎಂಬ ಜರ್ಮನಿಯ ಶಾಲಾಮಾಸ್ತರರು ತಮ್ಮ ವಿದ್ಯಾರ್ಥಿಗಳೊಡನೆ ಕಾಲ್ನಡಿಗೆಯ ಪ್ರವಾಸ ಹೊರಟಿದ್ದಾಗ ಬಿರುಮಳೆಗೆ ಸಿಕ್ಕಿ, ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲಿನ ಮೇಲೆ ರಾತ್ರಿಯನ್ನು ಕಳೆಯಬೇಕಾಯಿತು. ರಜೆಯಲ್ಲಿ ಬರಿದಾಗಿರುವ ಶಾಲೆಗಳೆಲ್ಲ ತರುಣ ಯಾತ್ರಿಕರಿಗೆ ಏಕೆ ನೆಲೆಯಾಗಬಾರದೆಂಬ ಅಂದಿನ ಆಲೋಚನೆಯೇ ಬೆಳೆದು, 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಹಾಸ್ಟೆಲಿನ ರೂಪವನ್ನು ತಾಳಿತು. ಇಂದು ಆ ಪದ್ಧತಿಯನ್ನು ನೋಡಲು ಯುರೋಪಿಗೆ ಹೋಗಬೇಕಾಗಿಲ್ಲ. ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿಯೇ ಹಾಸ್ಟೆಲುಗಳಿವೆ. ಇಸ್ರೇಲಿನವರೂ ಜರ್ಮನರೂ ಬೆಂಗಳೂರಿನ ತರುಣರೂ ಒಂದೇ ಕೊಠಡಿಯಲ್ಲಿ ಮಲಗಿ, ಬೆಳಗ್ಗೆ ಕೂಡ್ಲೆ, ಓಂ ಕಡಲತೀರಗಳತ್ತ ಜೊತೆಯಾಗಿ ನಡೆಯುವುದುಂಟು. ಅವರನ್ನು ದಿನವೂ ಕಾಣುವ ನಮ್ಮ ತರುಣರು, ಅದೇ ರೀತಿಯಲ್ಲಿ ತಾವೂ ಬ್ಯಾಂಕಾಕಿನಲ್ಲೋ ಪೆನಾಂಗಿನಲ್ಲೋ ಇಳಿದುಕೊಳ್ಳಬಹುದೆಂದು ಯೋಚಿಸದಿರುವುದು ನನಗೆ ಖೇದವನ್ನುಂಟುಮಾಡುತ್ತದೆ.

ಹಾಸ್ಟೆಲಿನಲ್ಲಿ ಬಾಡಿಗೆ ಕೊಠಡಿಗಲ್ಲ, ಹಾಸಿಗೆಗೆ. ಮೇಲೊಂದು ಕೆಳಗೊಂದರಂತೆ ಮಂಚಗಳು, ಸಾಮಾನಿಗೊಂದು ಲಾಕರ್, ಸಾಮೂಹಿಕ ಸ್ನಾನಗೃಹ, ಬಹುಕಡೆ ಎಲ್ಲರೂ ಬಳಸಬಹುದಾದ ಅಡುಗೆಮನೆ. ಲಾಕರಿನ ಬೀಗವನ್ನು ತಾವೇ ಒಯ್ಯುವುದು ಲೇಸು. ಅನ್ನಕ್ಕಿಟ್ಟು, ಮನೆಯಿಂದ ತಂದ ಒಣ ಮುರುಗಲಿನಿಂದ ಸಾರು ಮಾಡಿಕೊಂಡರೆ ಹೋಟೆಲಿನ ಖರ್ಚು ಉಳಿಯುವುದಲ್ಲದೆ, ಆ ಸಾರಿನ ರುಚಿ ನೋಡಲು ಬಂದ ಕೊರಿಯದ ಹುಡುಗನೊಡನೆ ಸ್ನೇಹವೂ ಬೆಳೆದೀತು. ಆದರೆ ಒಣಕೊಬ್ಬರಿಯನ್ನು ಒಯ್ಯಬೇಡಿ. ಎಣ್ಣೆಯಂಶದಿಂದ ಬೇಗನೆ ಬೆಂಕಿ ಹತ್ತುವ ವಸ್ತುವೆಂದು ವಿಮಾನಸಂಸ್ಥೆಗಳು ಅದನ್ನು ಅಪಾಯಕಾರಿ ಸರಕುಗಳಲ್ಲಿ ಎಣಿಸುತ್ತವೆ.

ಅಗ್ಗದ ಟಿಕೆಟು ಶಿಸ್ತನ್ನು ಬೇಡುತ್ತದೆ. ಸಾಮಾನ್ಯವಾಗಿ 7 ಕಿಲೋಗ್ರಾಂ ಕೈಚೀಲಕ್ಕೆ ಮಾತ್ರ ಅವಕಾಶ. ಮೀರಿದ ತೂಕಕ್ಕೆ ವಿಮಾನನಿಲ್ದಾಣದಲ್ಲಿ ತೆರುವ ಶುಲ್ಕ ಉಳಿತಾಯವನ್ನೆಲ್ಲ ನುಂಗಿಬಿಡುವುದು. ಎರಡು ಬೇರೆ ಟಿಕೆಟುಗಳ ಮೇಲೆ ವಿಮಾನ ಬದಲಿಸುವವರು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಆ ಹಣ ಮರಳಿ ಬಾರದೆಂಬುದನ್ನು ನೆನಪಿನಲ್ಲಿಟ್ಟು ನಡುವೆ ಸಾಕಷ್ಟು ಸಮಯವನ್ನಿರಿಸಿಕೊಳ್ಳಬೇಕು. ಮಲೇಷ್ಯವು 2023ರ ಡಿಸೆಂಬರಿನಿಂದ ಭಾರತೀಯ ಪ್ರವಾಸಿಗರಿಗೆ 30 ದಿನಗಳ ವೀಸಾರಹಿತ ಪ್ರವೇಶವನ್ನು ಕೊಟ್ಟಿತು. ಆದರೆ ಇಂಥ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಟಿಕೆಟಿಗೆ ಮುನ್ನ ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನು ನೋಡತಕ್ಕದ್ದು. ಕುಮಟೆಯಿಂದಾಗಲಿ ಹೊನ್ನಾವರದಿಂದಾಗಲಿ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನಲ್ಲಿ ಬೆಂಗಳೂರು. ಅಲ್ಲಿಂದ ಕೌಲಾಲಂಪುರ ಸುಮಾರು ನಾಲ್ಕು ತಾಸಿನ ಹಾರಾಟ.

ಮನೆಯ ಹಿರಿಯರಲ್ಲಿ ನನ್ನ ವಿಜ್ಞಾಪನೆಯೊಂದಿದೆ. ಮಗನನ್ನು ದುಡಿಮೆಗಾಗಿ ಪರದೇಶಕ್ಕೆ ಕಳುಹಿಸಲು ಅಂಜದ ನೀವು, ಮಗಳನ್ನು ನೋಟಕ್ಕಾಗಿ ಕಳುಹಿಸಲೂ ಅಂಜದಿರಿ. ಬಹುತೇಕ ಹಾಸ್ಟೆಲುಗಳಲ್ಲಿ ಸ್ತ್ರೀಯರಿಗೇ ಮೀಸಲಾದ ಕೊಠಡಿಗಳಿವೆ, ಗೆಳತಿಯರಿಬ್ಬರು ಮೂವರು ಕೂಡಿ ಹೊರಡಬಹುದು. ಎಲ್ಲಿಗೆಂಬುದನ್ನು ಮುಂದೆ ನಿಶ್ಚಯಿಸಿದರಾಯಿತು, ಮೊದಲು ಪಾಸ್‌ಪೋರ್ಟ್ ಮಾಡಿಸಿರಿ: ವಯಸ್ಕರಿಗೆ 36 ಪುಟಗಳ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ, ಅದು 10 ವರ್ಷಗಳ ಕಾಲ ಸಲ್ಲುವುದು.